ಒರತೆಯ ಮೇಲಿನ ಫರಸಿ

ಕಲ್ಲು ಬಡಿದು ನೋಡುವ ಚಟ ನನಗೆ ಇನ್ನೂ ಹೋಗಿಲ್ಲ. ಯಾರ ಮನೆಗೆ ಹೋದರೂ ಕುಳಿತ ಕಟ್ಟೆಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ಬಡಿಯುತ್ತೇನೆ. ಶಹಾಬಾದಿನ ಫರಸಿ ಕಲ್ಲಿನ ಖಣಿಯಲ್ಲಿ ಬೆಳೆದವರಿಗೆಲ್ಲ ಈ ಚಟ ಇರುತ್ತದೆ. ನಮ್ಮ ಕಲ್ಲು ನೆಲದೊಳಗೆ ಹಪ್ಪಳದ ಕಟ್ಟಿನ ಹಾಗೆ ಪದರ ಪದರವಾಗಿ ಮಲಗಿರುತ್ತದೆ. ಚಾಣ ಇಟ್ಟು ಸುತ್ತಿಗೆಯಿಂದ ಹೊಡೆದು ಪದರ ಬಿಡಿಸುವ ಮೊದಲು ಬಡಿದು ಕೇಳಬೇಕು. ಗಟ್ಟಿ ಕಲ್ಲು ಹಿತ್ತಾಳೆ ತಾಟಿನ ಹಾಗೆ ಖಣ್ ಅನ್ನುತ್ತದೆ. ಒಳಗೆ ಬಿರುಕು ಇದ್ದರೆ ಒಡಕು ಗಡಿಗೆಯ ಹಾಗೆ ದಬ್ ಅನ್ನುತ್ತದೆ. ನಾನು ಅಕ್ಷರಕ್ಕಿಂತ ಮೊದಲು ಈ ಸಪ್ಪಳವನ್ನು ಕಲಿತವನು.

ಅಕ್ಷರ ಬಂದದ್ದು ತಡವಾಗಿ. ಮೂವತ್ತನಾಲ್ಕನೇ ವಯಸ್ಸಿಗೆ ಹೊರಗಿನಿಂದ ಪರೀಕ್ಷೆ ಕಟ್ಟಿ ಹತ್ತನೆಯ ಇಯತ್ತೆ ಪಾಸಾದೆ. ಇದನ್ನು ಕೂಡ ಒಂದೇ ಬೆರಳಿನಿಂದ, ಅಕ್ಷರ ಎಲ್ಲಿದೆ ಎಂದು ಹುಡುಕುತ್ತ ಟೈಪ್ ಮಾಡುತ್ತಿದ್ದೇನೆ. ನಿಧಾನವಾದರೆ ಆಗಲಿ. ಹೇಳಬೇಕಾದದ್ದು ಬೇಗ ಬೇಗ ಹೇಳುವಂಥದ್ದೂ ಅಲ್ಲ.

ಪಾಸಾದ ವರ್ಷ, ಮಳೆ ಮುಗಿದ ಮೇಲೆ, ನನ್ನ ಅಕ್ಕನ ಊರಿಗೆ ಹೋದೆ. ಚಿಂಚೋಳಿ ಕಡೆಯ ಗುಡ್ಡದ ಬುಡದಲ್ಲಿ ಅವಳ ಗಂಡನ ಮನೆ. ಶಹಾಬಾದಿನಿಂದ ರೈಲಿನಲ್ಲಿ ವಾಡಿ, ವಾಡಿಯಿಂದ ಗಾಡಿ ಬದಲಿಸಿ ಚಿತ್ತಾಪುರ ದಾಟಿ ಸೇಡಂ, ಅಲ್ಲಿಂದ ಬಸ್ಸು. ನಾನು ಇಳಿಯುವುದರೊಳಗೆ ಭಾವ, ಅಂದರೆ ಅಕ್ಕನ ಗಂಡ, ಚಹಾದ ಅಂಗಡಿಯಲ್ಲಿ ಕುಳಿತವರಿಗೆಲ್ಲ ಸುದ್ದಿ ಹೇಳಿ ಮುಗಿಸಿದ್ದರು.

"ನೋಡ್ರಿ, ನಮ್ಮ ತಮ್ಮ ಬಂದಾನ. ಕಲ್ಲ ಒಡಿಯೋ ಮನಷ್ಯಾ, ಮೆಟ್ರಿಕ್ ಪಾಸ್ ಮಾಡ್ಯಾನ. ನಿಮ್ಮ ಮಕ್ಕಳಿಗಿ ಹೇಳ್ರಿ."

"ಮಕ್ಕಳಿಗ್ಯಾಕ, ನಾನೇ ಕಟ್ಟತೀನಿ ಪರೀಕ್ಷಾ," ಎಂದ ಒಬ್ಬ ಹಲ್ಲಿಲ್ಲದ ಮುದುಕ. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೊಳಗೆ ಭಾಳ ಖುಷಿಯಾಗಿತ್ತು.

ಅಕ್ಕನ ಅತ್ತೆಯನ್ನು ನಾನು ಆಯಿ ಎಂದು ಕರೆಯುತ್ತೇನೆ. ಎಪ್ಪತ್ತು ದಾಟಿದ್ದರೂ ಮಳೆ ಮುಗಿದ ಮೂರು ವಾರ ದಿನಾ ಗುಡ್ಡ ಹತ್ತಿ ಕಸಬರಿಗೆ ಹುಲ್ಲು ಕೊಯ್ದು ತರುತ್ತಾರೆ. ಊರ ಹೆಂಗಸರು ಇನ್ನೂ ಎಂಟು ಹತ್ತು ಮಂದಿ ಇರುತ್ತಾರೆ, ಆದರೆ ದಾರಿ ಹಿಡಿಯುವವರು ಆಯಿಯೇ. ಮರುದಿನ ಬೆಳಿಗ್ಗೆ ನಾನೂ ಬರುತ್ತೇನೆ ಎಂದೆ.

"ಬಾರಪ್ಪ. ಸಾಲಿ ಕಲ್ತವ್ರ ಕಾಲು ಹೆಂಗ ಅವ ನೋಡೋಣು," ಎಂದರು.

ಆ ಗುಡ್ಡಕ್ಕೆ ಯಾರೂ ಸುಮ್ಮನೆ ಹೋಗುವುದಿಲ್ಲ. ಬುಡದಲ್ಲಿ ಸೀತಾಫಲದ ಗಿಡ, ಅದರ ಮೇಲೆ ಕವಳಿ ಮುಳ್ಳು, ಆಮೇಲೆ ಕೆಂಪು ಮೊರಂ ಕಲ್ಲಿನ ಏರು. ಕಾಲಿಟ್ಟರೆ ಉರುಳುತ್ತದೆ. ಒಂದು ತಾಸು ಹತ್ತಿದ ಮೇಲೆ ಮರಗಳು ಒಮ್ಮೆಲೇ ನಿಂತುಬಿಡುತ್ತವೆ. ಮುಂದೆ ನೆತ್ತಿಯ ತುಂಬ ಬರೀ ಹುಲ್ಲು, ಹುಲ್ಲಿನ ನಡುವೆ ಮೊಣಕಾಲಿಗೂ ಬರದ ಕುಳ್ಳ ಗಿಡಗಳು. ಅವುಗಳಿಗೆ ಸಣ್ಣ ಸಣ್ಣ ಹೂವು, ಬದನೆಕಾಯಿಯ ಬಣ್ಣದವು. ಗಾಳಿ ಬಿಟ್ಟರೆ ಸಪ್ಪಳವಿಲ್ಲ. ಖಣಿಯ ಗದ್ದಲದಲ್ಲಿ ಬೆಳೆದ ನನಗೆ ಕಿವಿ ಕಟ್ಟಿದ ಹಾಗಾಯಿತು.

"ಈ ಗಿಡಕ್ಕ ಏನಂತಾರ ಆಯಿ?" ಎಂದು ಕೇಳಿದೆ.

"ದನಾ ತಿನ್ನಂಗಿಲ್ಲ, ಕಸಬರಿಗಿ ಆಗಂಗಿಲ್ಲ. ಅದಕ್ಯಾರ್ ಹೆಸರಿಡ್ತಾರ?" ಎಂದರು ಆಯಿ.

ನೆತ್ತಿಯ ಪೂರ್ವದ ಕಡೆ ಒಂದು ತಗ್ಗು. ಅಲ್ಲಿ ಒಂದು ಒರತೆ. ಒಂದು ಕೊಡದ ಬಾಯಿಗಿಂತ ಸ್ವಲ್ಪ ದೊಡ್ಡ ಕುಣಿ, ಮೊಳದಷ್ಟು ಆಳ. ಮೇಲೆ ಒಂದು ಚಪ್ಪಟೆ ಕಲ್ಲು ಮುಚ್ಚಿತ್ತು, ಆ ಕಲ್ಲಿನ ಮೇಲೆ ಮುಷ್ಟಿಗಾತ್ರದ ಇನ್ನೊಂದು ಕಲ್ಲು. ಇಡೀ ನೆತ್ತಿಗೆ ಅದೊಂದೇ ನೀರು. ಅಲ್ಲಿಯ ಪದ್ಧತಿ ಹೀಗೆ: ಕುಡಿದವರು ಮುಚ್ಚಬೇಕು, ಮುಚ್ಚಿದ ಮೇಲೆ ಮುಷ್ಟಿಕಲ್ಲು ಇಡಬೇಕು. ಮುಷ್ಟಿಕಲ್ಲು ಇದ್ದರೆ ನೀರು ಚೊಕ್ಕ ಅಂತ ಅರ್ಥ. ಮುಚ್ಚದೆ ಬಿಟ್ಟರೆ ಕಾಡುಹಂದಿಗಳು ಬಂದು ಹೊರಳಾಡುತ್ತವೆ. ರಾಡಿಯಾದರೆ ತಿಳಿಯಾಗಲು ಎಷ್ಟೋ ದಿನ ಬೇಕು. ದನಗಳಿಗೆ ಒರತೆಯಿಂದ ಹತ್ತು ಹೆಜ್ಜೆ ದೂರ ಮೊರಂ ಬಂಡೆಯಲ್ಲಿ ನೀರು ಕುಡಿಯಲು ತೊಟ್ಟಿಯಂಥ ಒಂದು ದೋಣಿ ಕೊರೆದಿತ್ತು. ಗುಡ್ಡದ ಆಚೆ ತಾಂಡಾದಿಂದ ಎಮ್ಮೆ ಮೇಯಿಸಲು ಬರುವ ಒಬ್ಬನು ಅದನ್ನು ತಾನೇ ಕೊರೆದದ್ದಂತೆ. ಒರತೆಯಿಂದ ಡಬ್ಬಿಯಲ್ಲಿ ಮೊಗೆದು ದೋಣಿಗೆ ಸುರಿದು ಎಮ್ಮೆಗಳಿಗೆ ಕುಡಿಸುತ್ತಾನಂತೆ.

ನನ್ನ ಕಣ್ಣು ಒರತೆ ಮುಚ್ಚಿದ್ದ ಕಲ್ಲಿನ ಮೇಲೆಯೇ ಇತ್ತು. "ಆಯಿ, ಇದು ನಮ್ಮೂರ ಫರಸಿ!"

"ಹೂಂ. ನಿಮ್ಮ ಮಾಮಾ ತಂದದ್ದು. ಕೆಳಗಿನ ತನಕ ಬಂಡ್ಯಾಗ, ಇಲ್ಲೀತನಕ ತಲಿ ಮ್ಯಾಲ. ಈ ಗುಡ್ಡದಾಗ ಇಷ್ಟು ಚಪ್ಪಟಿ ಕಲ್ಲ ಎಲ್ಲಿ ಸಿಗ್ತದ?" ಮಾಮಾ ಎಂದರೆ ಆಯಿಯ ಗಂಡ. ತೀರಿಕೊಂಡು ಭಾಳ ವರ್ಷವಾಗಿತ್ತು.

ಬಡಿಯದೆ ಇರಲು ನನಗೆ ಆಗಲಿಲ್ಲ. ಮುಷ್ಟಿಕಲ್ಲು ತೆಗೆದುಕೊಂಡು ಅಲ್ಲಲ್ಲಿ ಬಡಿದೆ. ಮೂರು ಮೂಲೆಯಲ್ಲಿ ಖಣ್ ಅಂದಿತು. ನಾಲ್ಕನೆಯದರಲ್ಲಿ ದಬ್ ಅಂದಿತು.

"ಇದರ ಒಳಗ ಬಿರುಕು ಅದ ಆಯಿ. ಮ್ಯಾಲಿನ ಪದರ ಬಿಟ್ಟದ. ಇದು ಉಳಿಯಂಗಿಲ್ಲ."

ಆಯಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಕ್ಕರು. "ಇಪ್ಪತ್ತು ವರ್ಷ ಆತು, ನೀರ ಕಾಯ್ಲಿಕತ್ತದ. ನೀ ಇವತ್ತ ಬಂದು ಅದಕ್ಕ ಪೊಳ್ಳು ಅಂತಿ. ಬರ್ತಿ ಏನ್, ಹುಲ್ಲ ಕೊಯ್ಯೋದದ."

ಜೊತೆಗಿದ್ದ ಹೆಂಗಸರು ನಕ್ಕರು. "ಮೆಟ್ರಿಕ್ ಪಾಸಾದವ್ರ ಕಿವಿ ಆಯಿ ಅದು, ನಮ್ಮದಲ್ಲ," ಎಂದಳು ಒಬ್ಬಳು. ಅದು ತಮಾಷೆ. ಆದರೆ ನನಗೆ ಚುಚ್ಚಿತು. ಅಕ್ಷರದ ವಿಷಯದಲ್ಲಿ ನಕ್ಕಿದ್ದರೆ ಸಹಿಸುತ್ತಿದ್ದೆ. ಕಲ್ಲಿನ ವಿಷಯದಲ್ಲಿ ನನಗೆ ಯಾರೂ ಹೇಳುವ ಹಾಗಿರಲಿಲ್ಲ.

ಮರುದಿನ ಅಮಾವಾಸ್ಯೆ. ಆ ದಿನ ಹುಲ್ಲಿಗೆ ಕುಡುಗೋಲು ಹಚ್ಚುವುದಿಲ್ಲ. ಹಾಗಾಗಿ ಯಾರೂ ಗುಡ್ಡಕ್ಕೆ ಹೋಗಲಿಲ್ಲ. ನಾನು ಅಡ್ಡಾಡಿ ಬರುತ್ತೇನೆ ಎಂದು ಹೇಳಿ ಒಬ್ಬನೇ ಹತ್ತಿದೆ. ಚೀಲದಲ್ಲಿ ಭಾವನ ಮನೆಯ ಸುತ್ತಿಗೆ ಇತ್ತು. ಅದನ್ನು ಯಾಕೆ ತೆಗೆದುಕೊಂಡೆ ಎಂದು ಆಗ ನನ್ನನ್ನು ನಾನೇ ಕೇಳಿಕೊಳ್ಳಲಿಲ್ಲ. ಈಗ ಗೊತ್ತು. ಬಿಟ್ಟ ಪದರವನ್ನು ಬಿಡಿಸಿ ತೆಗೆದು ಆಯಿಗೆ ತೋರಿಸಬೇಕಾಗಿತ್ತು. ನೋಡ್ರಿ, ನಾ ಹೇಳಿದ್ದು ಖರೆ ಇತ್ತು ಅನ್ನಬೇಕಾಗಿತ್ತು. ಕೆಳಗಿನ ಗಟ್ಟಿ ಪದರ ಹಾಗೇ ಇರುತ್ತದೆ, ಕಲ್ಲಿಗೂ ಒಳ್ಳೆಯದೇ ಎಂದುಕೊಂಡಿದ್ದೆ.

ಕಲ್ಲನ್ನು ಕೆಳಗಿಳಿಸದೆ, ಒರತೆಯ ಮೇಲೆ ಇದ್ದ ಹಾಗೆಯೇ, ಅಂಚಿಗೆ ಹೊಡೆದೆ. ಖಣಿಯಲ್ಲಿ ಹೊಸದಾಗಿ ಸೇರಿದವನೂ ಹಾಗೆ ಮಾಡುವುದಿಲ್ಲ. ಕಲ್ಲಿನ ಕೆಳಗೆ ನೆಲ ಇರಬೇಕು, ಇಲ್ಲದಿದ್ದರೆ ಏಟು ಎಲ್ಲಿಗೆ ಹೋಗುತ್ತದೆ ಎಂದು ಹೇಳಲಾಗುವುದಿಲ್ಲ. ಮೂರನೇ ಏಟಿಗೆ ಕಲ್ಲು ನಡುವೆ ಸೀಳಿ ಎರಡಾಯಿತು. ಒಂದು ತುಂಡು ನೀರಿಗೆ ಬಿತ್ತು. ಒರತೆಯ ಗೋಡೆ ಕುಸಿದು ನೀರು ಚಹಾದ ಬಣ್ಣಕ್ಕೆ ತಿರುಗಿತು.

ಬಿದ್ದ ತುಂಡನ್ನು ಎತ್ತಿ, ಎರಡನ್ನೂ ಜೋಡಿಸಿ ಇಡಲು ನೋಡಿದೆ. ನಿಲ್ಲಲಿಲ್ಲ. ಪಕ್ಕದಲ್ಲಿ ಬಿಟ್ಟು ಬಂದೆ. ಇಳಿಯುವಾಗ ದಾರಿಯಲ್ಲಿ ಯಾರಾದರೂ ನೋಡಿದರೋ ಎಂದು ತಿರುಗಿ ತಿರುಗಿ ನೋಡಿದೆ. ಅಷ್ಟು ದೊಡ್ಡ ಗುಡ್ಡದಲ್ಲಿ ನಾನೊಬ್ಬನೇ ಇದ್ದೆ. ಮನೆಗೆ ಬಂದು ಹೇಳುತ್ತೇನೆ ಎಂದುಕೊಂಡಿದ್ದೆ. ಅಕ್ಕ ಹೋಳಿಗೆ ಮಾಡಿದ್ದಳು. ನೆರೆಮನೆಯವರು ಇಬ್ಬರು, ಮಕ್ಕಳ ದಾಖಲಾತಿಯ ಅರ್ಜಿ ಹಿಡಿದು ನನ್ನ ಕಡೆಯಿಂದ ತುಂಬಿಸಿಕೊಳ್ಳಲು ಬಂದು ಕುಳಿತಿದ್ದರು. ಹೇಳಲಿಲ್ಲ.

ಮರುದಿನ ಹೆಂಗಸರು ಹೊತ್ತಿಗೆ ಮುಂಚೆಯೇ ಇಳಿದು ಬಂದರು. ಹುಲ್ಲಿನ ಹೊರೆ ಅರ್ಧಕ್ಕರ್ಧ. ಆಯಿಯ ತುಟಿ ಒಣಗಿ ಬಿಳಿಯಾಗಿತ್ತು. ಹಂದಿಗಳು ಒರತೆಯನ್ನು ಕೆಸರಿನ ಹೊಂಡ ಮಾಡಿದ್ದವು. ಕಲ್ಲು ಎರಡು ತುಂಡು. ಸುತ್ತಲೂ ಎಮ್ಮೆಗಳ ಗೊರಸಿನ ಗುರುತು. ಎಮ್ಮೆಗಳು ದೋಣಿಗೆ ಬರುತ್ತಿದ್ದದ್ದರಿಂದ ಗುರುತು ಅಲ್ಲಿ ಯಾವಾಗಲೂ ಇರುತ್ತಿದ್ದವು. ಅದು ಆವತ್ತು ಯಾರಿಗೂ ನೆನಪಾಗಲಿಲ್ಲ. ನನಗೆ ನೆನಪಿತ್ತು.

"ಆ ತಾಂಡಾದವನೇ," ಎಂದರು ಭಾವ. "ಅಮಾಸಿ ದಿನ ಯಾರೂ ಇರಂಗಿಲ್ಲಂತ ಎಮ್ಮಿ ಬಿಟ್ಟಾನ ಒರತ್ಯಾಗ. ಎಮ್ಮಿ ಕಾಲಿಟ್ಟು ಕಲ್ಲು ಮುರದಾದ."

ಆಯಿ ಅನುಮಾನದಿಂದ, "ಇಷ್ಟು ವರ್ಷ ಹಂಗ ಮಾಡ್ದವಲ್ಲ ಅಂವ," ಎಂದರು.

"ಕಲ್ಲ ತಾನೇ ಮುರೀತೇನ್ ಮತ್ತ? ತಮ್ಮಾ, ನೀ ಹೇಳು. ನಿನಗ ಕಲ್ಲಿಂದು ತಿಳೀತದ."

ಎಲ್ಲರೂ ನನ್ನ ಕಡೆ ನೋಡಿದರು. ಆಗ ಹೇಳಬಹುದಿತ್ತು. ಅಂಗಳದಲ್ಲಿ ಆರೇಳು ಜನ, ಎಲ್ಲರೂ ನಮ್ಮವರೇ. ಎರಡು ಮಾತು ಬೈದು ಬಿಡುತ್ತಿದ್ದರು. ನಾನು, "ಎಮ್ಮಿ ಭಾರಕ್ಕ ಮುರೀಬಹುದು," ಎಂದೆ.

ಗುಡ್ಡದ ಮೇಲೆ ಒಂದು ಬೋರ್ಡು ಹಾಕುವುದೆಂದು ನಿರ್ಧಾರವಾಯಿತು. ಬರೆಯುವವರು ಯಾರು ಎಂಬ ಪ್ರಶ್ನೆಯೇ ಬರಲಿಲ್ಲ. ಭಾವ ಒಂದು ತಗಡು ತಂದರು. ಯಾರೋ ಬಾಗಿಲಿಗೆ ಹಚ್ಚಿ ಉಳಿದ ನೀಲಿ ಬಣ್ಣ ತಂದರು. ನಾನು ಸೀಮೆಸುಣ್ಣದಿಂದ ಗೆರೆ ಎಳೆದುಕೊಂಡು ಬರೆದೆ: ಇಲ್ಲಿ ಎಮ್ಮೆ ದನ ತರಬಾರದು. ತಂದರೆ ಊರವರು ಸುಮ್ಮನಿರುವುದಿಲ್ಲ.

ಬರೆಯುವಾಗ ನನಗೆ ಏನು ಅನಿಸಿತು ಎಂದು ಇಲ್ಲಿ ಖರೆ ಹೇಳಬೇಕು. ಮೊದಲ ಸಾಲನ್ನು ಎರಡು ಸಲ ಒರೆಸಿ ಬರೆದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅಕ್ಷರಗಳು ದುಂಡಗೆ, ಸಮನಾಗಿ ಬರಲು ಹತ್ತಿದವು. ನನಗೆ ಸಂತೋಷವಾಯಿತು. ನಾನು ಮಾಡಿದ ತಪ್ಪನ್ನು ಇನ್ನೊಬ್ಬನ ತಲೆಗೆ ಕಟ್ಟುತ್ತ, ಅಕ್ಷರ ಚಂದ ಬಂದವು ಎಂದು ಸಂತೋಷಪಟ್ಟೆ. ಜನರು ಓದಲೆಂದು ನಾನು ಬರೆದ ಮೊದಲ ಬರಹ ಅದು.

ಮರುದಿನ ನಾನು ಮತ್ತು ಭಾವ ತಗಡು ಹೊತ್ತು ಗುಡ್ಡ ಹತ್ತಿದೆವು. ಒರತೆಯ ಪಕ್ಕ ಗೂಟ ಹುಗಿದು ಬಡಿದೆವು. ಭಾವ ಹುಲ್ಲು ನೋಡಿ ಬರುತ್ತೇನೆ ಎಂದು ನೆತ್ತಿಯ ಇನ್ನೊಂದು ತುದಿಗೆ ಹೋದರು. ಅಷ್ಟರಲ್ಲಿ ತಗ್ಗಿನ ಅಂಚಿನ ಕುಳ್ಳ ಗಿಡಗಳ ಮೇಲೆ ಎಮ್ಮೆಗಳ ಕೊಂಬು ಕಂಡವು, ಹಿಂದೆ ಅವನು. ನನಗಿಂತ ಹತ್ತು ವರ್ಷ ದೊಡ್ಡವನಿರಬೇಕು. ತಲೆಗೆ ಕೆಂಪು ಟವೆಲು, ಹೆಗಲಿಗೆ ಪ್ಲಾಸ್ಟಿಕ್ ಡಬ್ಬಿ. ಒರತೆಯ ಕೆಸರು ನೋಡಿ ಚುಚ್ ಚುಚ್ ಎಂದ.

"ಅಯ್ಯೋ, ಯಾರ ಮಾಡ್ಯಾರ್ರಿ ಇದು?" ಆಮೇಲೆ ತಗಡು ನೋಡಿದ. "ಏನ ಬರ್ದಾರ್ರಿ ಮಾಸ್ತರ? ನನಗ ಓದಾಕ ಬರಂಗಿಲ್ಲ."

ನನ್ನನ್ನು ಯಾರೂ ಅಲ್ಲಿಯತನಕ ಮಾಸ್ತರ ಎಂದಿರಲಿಲ್ಲ. ನಾನೇ ಬರೆದದ್ದನ್ನು ಅವನ ಮುಖ ನೋಡಿಕೊಂಡು ಓದಲು ನನ್ನಿಂದ ಆಗಲಿಲ್ಲ.

"ನೀರು ಕುಡಿದ ಮ್ಯಾಲ ಮುಚ್ಚಿ ಹೋಗ್ರಿ ಅಂತ ಬರ್ದಾರ," ಎಂದೆ.

"ಛಲೋ ಮಾಡ್ಯಾರ್ರಿ. ಬರಿಬೇಕಿತ್ತು ಮೊದಲೇ." ಅವನು ಎಮ್ಮೆಗಳನ್ನು ದೋಣಿಯ ಹತ್ತಿರ ನಿಲ್ಲಿಸಿ ಮೊಣಕಾಲೂರಿ ಕುಳಿತು ಕೈಯಿಂದಲೇ ಒರತೆಯ ಕೆಸರು ತೆಗೆದು ಹೊರಗೆ ಹಾಕಲು ಹತ್ತಿದ. "ನಾಳಿ ಸನಿಕಿ ತರತೀನಿ. ಎರಡ ದಿನದಾಗ ತಿಳಿ ಆಗ್ತದ. ಹೆಣ್ಮಕ್ಕಳು ಹುಲ್ಲಿಗಿ ಬರ್ತಾರ, ಬಾಯಾರತಾದ ಅವ್ರಿಗಿ."

ಇಷ್ಟು ಮಾತಾಡಿ ಎಮ್ಮೆ ಹೊಡೆದುಕೊಂಡು ಹೋದ. ಭಾವ ವಾಪಸು ಬಂದಾಗ ನಾನು ಏನೂ ಹೇಳಲಿಲ್ಲ.

ಹೇಳಿದ ಹಾಗೆ ಮರುದಿನ ಅವನು ಕೆಸರೆತ್ತುವ ಸನಿಕೆ ತೆಗೆದುಕೊಂಡು ಬಂದ. ಎಮ್ಮೆಗಳೂ ಬಂದವು. ಬೋರ್ಡು ಹಾಕಿದ ಮೇಲೂ ಬರುತ್ತಾನೋ ನೋಡೋಣ ಎಂದು ಭಾವ ಇಬ್ಬರನ್ನು ಕರೆದುಕೊಂಡು ಮೇಲೆ ಕಾಯುತ್ತ ಕುಳಿತಿದ್ದರು. ಬೋರ್ಡಿನ ಎದುರಿಗೇ ಎಮ್ಮೆ ತಂದಾನೆ, ಒರತೆಯಲ್ಲಿ ಕೈ ಹಾಕ್ಯಾನೆ ಎಂದು ಇವರಿಗೆ ಸಿಟ್ಟು. ಬಾಯಿಗೆ ಬಂದ ಹಾಗೆ ಬೈದು, ಅವನ ರೊಟ್ಟಿಯ ಗಂಟನ್ನೂ ಡಬ್ಬಿಯನ್ನೂ ಇಳುಕಲಿಗೆ ಎಸೆದರು. ಎಮ್ಮೆಗಳನ್ನು ಕಲ್ಲು ಹೊಡೆದು ಓಡಿಸಿದರು. ಇದನ್ನು ಭಾವನೇ ಮನೆಗೆ ಬಂದು ಹೆಮ್ಮೆಯಿಂದ ಹೇಳಿದರು.

ಅವರು ಹೇಳಿ ಮುಗಿಸುವ ಮೊದಲೇ ಅವನು ಅಂಗಳದ ಹೊರಗೆ ಬಂದು ನಿಂತಿದ್ದ. ಒಬ್ಬನೇ. ಗುಡ್ಡ ಇಳಿದು ಅಕ್ಕನ ಊರ ತನಕ ಬಂದಿದ್ದ.

"ಬೋರ್ಡ್ ಓದಿ ಹೇಳಿದವ್ರು ಇವ್ರೇರಿ," ಎಂದು ನನ್ನ ಕಡೆ ಕೈ ಮಾಡಿದ. "ಮುಚ್ಚಿ ಹೋಗ್ರಿ ಅಂತ ಅದ ಅಂದ್ರು. ಎಮ್ಮಿ ತರಬ್ಯಾಡ ಅಂದಿದ್ರ ನಾ ಯಾಕ ತರಲಿ? ಮಾಸ್ತರ, ನೀವೇ ಹೇಳ್ರಿ."

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಆಯಿ ಹುಲ್ಲು ಜೋಡಿಸುತ್ತಿದ್ದವರು ಕೈ ನಿಲ್ಲಿಸಿದರು. ಭಾವ ನನ್ನ ಕಡೆ ನೋಡಿ ನಗುತ್ತಿದ್ದರು, ಎಂಥ ಸುಳ್ಳು ಹೇಳುತ್ತಾನೆ ನೋಡು ಎನ್ನುವ ಹಾಗೆ.

"ನಾ ಹಂಗ ಓದಿಲ್ಲ," ಎಂದೆ.

ಅವನು ತಲೆಯ ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ. "ಹೌದೇನ್ರಿ," ಎಂದ. ಜಗಳ ಮಾಡಲಿಲ್ಲ. ತಿರುಗಿ ಹೋದ.

ನಾನು ಮರುದಿನ ಬೆಳಗಿನ ಬಸ್ಸಿಗೆ ಊರು ಬಿಟ್ಟೆ.

ಆಮೇಲೆ ಒಂದು ವರ್ಷ ಕಲ್ಲು ಬಡಿದಾಗೆಲ್ಲ ಆ ಮಾತು ಕೇಳಿಸುತ್ತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಎಷ್ಟೋ ದಿನ ಮರೆತೇ ಇದ್ದೆ. ಯಾರಾದರೂ ಅರ್ಜಿ ಓದಿ ಹೇಳು ಎಂದು ಬಂದಾಗ ಮಾತ್ರ ನೆನಪಾಗುತ್ತಿತ್ತು. ಓದು ಬಾರದವರು ಓದುವವನ ಬಾಯಿಯನ್ನು ಹೇಗೆ ನೋಡುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತು. ಮೂವತ್ತು ವರ್ಷ ನಾನೂ ಹಾಗೇ ನೋಡಿದವನು. ಸೇಡಂ ಸ್ಟ್ಯಾಂಡಿನಲ್ಲಿ ಒಮ್ಮೆ ಹುಡುಗರ ಗುಂಪಿನಲ್ಲಿದ್ದ ಒಬ್ಬನು ಬೇಕಂತಲೇ ತಪ್ಪು ಬಸ್ಸಿನ ಹೆಸರು ಓದಿ ಹೇಳಿ ನನ್ನನ್ನು ಹತ್ತಿಸಿದ್ದ. ಕೊಡ್ಲಿಗೆ ಹೋಗಬೇಕಾದವನು ಗುಂಡಗುರ್ತಿಯಲ್ಲಿ ಇಳಿದು ನಿಂತಿದ್ದೆ. ಆ ಸಿಟ್ಟಿಗೇ ನಾನು ಓದು ಕಲಿತದ್ದು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಆ ಹುಡುಗ ಮಾಡಿದ್ದನ್ನೇ ನಾನೂ ಮಾಡಿದ್ದೆ.

ಅಕ್ಕ ಫೋನಿನಲ್ಲಿ ಒಂದು ದಿನ, "ಈ ವರ್ಷ ಅತ್ತಿ ಕೆಳಗಿಂದೇ ನೀರ ಹೊತ್ಕೊಂಡು ಹತ್ತಲಿಕತ್ತಾರ ನೋಡು. ಒರತಿ ಮುಚ್ಚಲಿಕ್ಕೆ ಕಲ್ಲೇ ಇಲ್ಲ," ಎಂದಳು. ಎಪ್ಪತ್ತು ದಾಟಿದ ಹೆಂಗಸು, ಆ ಏರು, ಸೊಂಟದ ಮೇಲೆ ಐದು ಲೀಟರಿನ ಡಬ್ಬಿ. ನಾನು ಅವತ್ತೇ ಖಣಿಯಲ್ಲಿ ಕಲ್ಲು ಆರಿಸಿದೆ. ಎರಡು ಫೂಟು ಉದ್ದ, ಒಂದೂವರೆ ಅಗಲ. ನಾಲ್ಕೂ ಮೂಲೆ ಬಡಿದೆ, ನಡುವೆ ಬಡಿದೆ. ಗೋಣಿಚೀಲದಲ್ಲಿ ಕಟ್ಟಿಕೊಂಡು ಗಾಡಿ ಹತ್ತಿದೆ.

ಸೇಡಂ ಬಸ್ಸಿನಲ್ಲಿ ಕಂಡಕ್ಟರ್ ಚೀಲಕ್ಕೆ ಕಾಲು ತಾಗಿಸಿಕೊಂಡು, "ಏನ್ರಿ ಇದು, ಯಾರದರ ಗೋರಿಗಿ ಒಯ್ಲಿಕತ್ತೀರೇನು?" ಎಂದ.

"ಹೂಂ, ನನ್ನದೇ," ಎಂದೆ. ಬಸ್ಸು ನಕ್ಕಿತು.

ಮರುದಿನ ಆಯಿ ಮುಂದೆ, ತಲೆಯ ಮೇಲೆ ಕಲ್ಲು ಹೊತ್ತು ನಾನು ಹಿಂದೆ. ಉಳಿದ ಹೆಂಗಸರು ಮುಂದೆ ಹೋಗಿದ್ದರು. ಮರಗಳು ಮುಗಿದು ಹುಲ್ಲು ಶುರುವಾಗುವಲ್ಲಿ ಕಲ್ಲು ಇಳಿಸಿ ಕುಳಿತೆ. ಆಯಿ ನನ್ನ ಬೆನ್ನು ತಟ್ಟಿ, "ನಿಮ್ಮ ಮಾಮಾ ಹಿಂಗೇ ಇಲ್ಲೇ ಇಳಿಸಿ ಕುಂತಿದ್ದ. ನಿನಗ ಪುಣ್ಯ ಬರ್ತದ," ಎಂದರು.

ಆ ಮಾತು ಕೇಳಿದ ಮೇಲೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಸುತ್ತಿಗೆ ತಂದದ್ದು, ಮೂರು ಏಟು, ಬೋರ್ಡು, ಅವನಿಗೆ ಓದಿ ಹೇಳಿದ್ದು. ಅಂಗಳದಲ್ಲಿ ಇಲ್ಲ ಎಂದದ್ದು.

ಆಯಿ ಕುಡುಗೋಲು ಕೆಳಗಿಟ್ಟರು. ಒಂದು ಹುಲ್ಲಿನ ಎಳೆ ಕಿತ್ತು ಸಣ್ಣಗೆ ಸಣ್ಣಗೆ ಹರಿದರು.

"ಕಲ್ಲು ಹೋತು, ಹೋಗ್ಲಿ," ಎಂದರು ಕಡೆಗೆ. "ಕಲ್ಲ ಮತ್ತ ಬರ್ತದ, ನೀ ಹೊತ್ಕೊಂಡು ಬಂದಿ. ಆ ಮನಷ್ಯಾ ನಮ್ಮ ಬಾಗಿಲಿಗಿ ಬಂದು ಖರೆ ಹೇಳಿದ. ನಾ ಅಲ್ಲೇ ಇದ್ದೆ. ನಾ ಅವನ್ನ ಸುಳ್ಳ ಅಂದ್ಕೊಂಡೆ. ಯಾಕ? ನೀ ಓದಿದಾವ ಅಂತ."

"ತಪ್ಪಾತು ಆಯಿ."

"ನನ್ನ ಮುಂದ ಯಾಕ ಹೇಳ್ತಿ? ಏಳು."

ಒರತೆಯ ಕೆಸರನ್ನು ಕೈಯಿಂದ ತೆಗೆದು ಹಾಕಿ ಕಲ್ಲನ್ನು ಮೇಲೆ ಇಟ್ಟೆವು. ಆಯಿ ಮುಷ್ಟಿಕಲ್ಲು ಹುಡುಕಿ ಇಟ್ಟರು. ಆಮೇಲೆ ಗೂಟದಲ್ಲಿದ್ದ ತಗಡನ್ನು ನನ್ನ ಕೈಯಿಂದ ಕೀಳಿಸಿದರು. ಒಂದು ಮಳೆಗಾಲ ಕಳೆದರೂ ನೀಲಿ ಅಕ್ಷರಗಳು ಹಾಗೇ ಇದ್ದವು. "ಹಿಡ್ಕೊ. ನಡೀ," ಎಂದು ಗುಡ್ಡದ ಆಚೆ ಇಳುಕಲಿಗೆ ನಡೆದರು. ಆ ದಿನ ಅವರು ಹುಲ್ಲಿಗೆ ಕೈ ಹಚ್ಚಲಿಲ್ಲ.

ತಾಂಡಾದಲ್ಲಿ ಅವನ ಮನೆ ಕೇಳಿಕೊಂಡು ಹೋದೆವು. ಅವನು ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ನನ್ನನ್ನು ನೋಡಿ ಗುರುತು ಹಿಡಿದ, ಆದರೆ ಹಗ್ಗ ಬಿಡಲಿಲ್ಲ. ಆಯಿಗೆ ಮಾತ್ರ, "ಬರ್ರಿ ಯವ್ವಾ, ಕುಂದ್ರಿ," ಎಂದ. ಹೆಂಡತಿ ಕೌದಿ ಹಾಸಿದಳು. ಆಯಿ ಕುಳಿತು, "ಮೊದಲ ನೀರ ಕೊಡವ್ವಾ," ಎಂದು ಕೇಳಿ ಇಸಿದುಕೊಂಡು ಕುಡಿದರು. ಮುಗಿಸಿ ನನ್ನ ಕಡೆ ನೋಡಿದರು.

ನಾನು ನಿಂತೇ ಹೇಳಿದೆ. ಕಲ್ಲು ಒಡೆದವನು ನಾನು. ಬೋರ್ಡು ಬರೆದವನು ನಾನು. ನಿಮಗೆ ಸುಳ್ಳು ಓದಿದವನೂ ನಾನೇ. ಅಕ್ಕಪಕ್ಕದ ಮನೆಯವರು ನಾಲ್ಕೈದು ಜನ ಕೂಡಿದ್ದರು. ಅವನು ಕೇಳುತ್ತ ಹಗ್ಗದ ತುದಿಯನ್ನು ಕಾಲ ಬೆರಳಿಗೆ ಸಿಕ್ಕಿಸಿಕೊಂಡು ಎಳೆಯುತ್ತಿದ್ದ.

"ಓದ್ರಿ," ಎಂದ.

"ಏನು?"

"ತಗಡ. ಅದರಾಗ ಏನದ ಓದ್ರಿ."

ಓದಿದೆ. ಇಲ್ಲಿ ಎಮ್ಮೆ ದನ ತರಬಾರದು. ತಂದರೆ ಊರವರು ಸುಮ್ಮನಿರುವುದಿಲ್ಲ.

"ಇನ್ನೊಮ್ಮಿ ಓದ್ರಿ. ಈಕಿಗಿ ಕೇಳ್ಸಿಲ್ಲ." ಹೆಂಡತಿಯ ಕಡೆ ತೋರಿಸಿದ. ಅವಳು ಪಕ್ಕದಲ್ಲೇ ಇದ್ದಳು. ಇನ್ನೊಮ್ಮೆ ಓದಿದೆ. 

"ಇಷ್ಟೇ ಇತ್ತಲ್ರಿ," ಎಂದ ಅವನು. "ಇಷ್ಟ ಅವತ್ತ ಓದಿದ್ರ ನಾ ಹಳ್ಳದ ಕಡಿಂದ ಹೋಗ್ತಿದ್ದೆ. ಸಿಟ್ಟೂ ಬರ್ತಿದ್ದಿಲ್ಲ ನಿಮ್ಮ ಮ್ಯಾಲ." ಆಮೇಲೆ ಹೆಂಡತಿಯ ಕಡೆ ತಿರುಗಿ, "ನೀ ಕೇಳ್ದೆಲ್ಲ? ವರ್ಷದಿಂದ ನಾನೇ ತಪ್ಪು ತಿಳ್ಕೊಂಡೀನಿ ಅಂತಿದ್ದಿ," ಎಂದ.

ಅದು ನನಗೆ ಗೊತ್ತಿರಲಿಲ್ಲ. ಅವನ ಮನೆಯಲ್ಲೂ ಅವನ ಮಾತನ್ನು ನಂಬಿರಲಿಲ್ಲ. ಒಂದು ವರ್ಷ ಅವನು ಎಮ್ಮೆಗಳನ್ನು ಹಳ್ಳದ ಸುತ್ತಿನಿಂದ ಹೊಡೆದುಕೊಂಡು ಹೋಗುತ್ತಿದ್ದ, ಒಂದು ತಾಸು ಹೆಚ್ಚಿನ ದಾರಿ.

ಆಯಿ ಎದ್ದು ನಿಂತರು. "ಒರತಿ ಮುಚ್ಚೀವಪ್ಪ. ದೋಣಿ ನಿಂದೇ ಅದ. ನೀರು ತಿಳಿ ಆದ ಕೂಡ್ಲೆ ಬಾ. ನನ್ನ ಮಗ ಏನರ ಅಂದ್ರ ನನಗ ಕರಿ."

"ನೋಡ್ತೀನ್ರಿ ಯವ್ವಾ," ಎಂದ. ಹೊರಡುವಾಗ ನನ್ನ ಕೈಯಲ್ಲಿದ್ದ ತಗಡು ತೋರಿಸಿ, "ಅದನ್ನ ಇಲ್ಲೇ ಬಿಡ್ರಿ, ಕೋಳಿ ಗೂಡಿಗಿ ಬೇಕಾಗ್ಯಾದ," ಎಂದ. ಕೂಡಿದವರು ನಕ್ಕರು. ಅವನು ನಗಲಿಲ್ಲ. ಮಾಸ್ತರ ಎಂದೂ ಅನ್ನಲಿಲ್ಲ.

ಮನೆಗೆ ಬಂದು ಭಾವನಿಗೆ ಹೇಳಿದೆ. ಅವರು ಮೊದಲು ನಂಬಲಿಲ್ಲ. ನಂಬಿದ ಮೇಲೆ, "ಸಾಲಿ ಕಲ್ತು ಇದೇ ಕಲ್ತಿ?" ಎಂದರು. ಅಕ್ಕ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಭಾವ ತಾವೇ, "ನಾ ಅವನ ರೊಟ್ಟಿ ಚೆಲ್ಲೀನಲ್ಲೋ," ಎಂದು ತಲೆ ತಗ್ಗಿಸಿ ಕುಳಿತರು. ನನ್ನ ಸುಳ್ಳಿನ ದೆಸೆಯಿಂದ ಅವರ ಕೈಯಿಂದ ಆದ ತಪ್ಪು ಅದು.

ಮೂರು ದಿನ ಬಿಟ್ಟು, ಒರತೆಯ ನೀರು ತಿಳಿಯಾದ ಮೇಲೆ, ಹೆಂಗಸರ ಜೊತೆ ಮತ್ತೆ ಹತ್ತಿದೆ. ಹುಲ್ಲು ಕೊಯ್ದು ಹೊರೆ ಕಟ್ಟುವ ಹೊತ್ತಿಗೆ ನೆತ್ತಿಯ ಆ ತುದಿಯಲ್ಲಿ ಎಮ್ಮೆಗಳು ಕಂಡವು. ಅವನು ಕೋಲು ಊರಿ ನಿಂತಿದ್ದ. ನಾನು ಒರತೆಯ ಹತ್ತಿರ ಕುಳಿತಿದ್ದೆ. ಎದ್ದು ಕಲ್ಲು ಸರಿಸಿ, ಬರ್ರಿ ಎಂದು ಕೈ ಮಾಡಿದೆ. ಅವನು ಕದಲಲಿಲ್ಲ. ಎಮ್ಮೆಗಳು ನೀರಿನ ವಾಸನೆಗೆ ಮುಂದೆ ಬಂದರೆ ಅವನೇ ಹಿಂದಕ್ಕೆ ಹೊಡೆದ.

"ನೀ ಇಳಿ ಮೊದಲ," ಎಂದರು ಆಯಿ ಮೆಲ್ಲಗೆ.

ಮುಚ್ಚಿ, ಮುಷ್ಟಿಕಲ್ಲು ಇಟ್ಟು, ಹೊರೆ ಹೊತ್ತು ಇಳಿದೆ. ಆ ಹೆಸರಿಲ್ಲದ ಗಿಡಗಳು ಕಾಲಿಗೆ ಉಜ್ಜುತ್ತಿದ್ದವು. ಮರಗಳು ಶುರುವಾಗುವ ತಿರುವಿನಲ್ಲಿ ನಿಂತು ತಿರುಗಿ ನೋಡಿದೆ. ನಾನು ಕಣ್ಮರೆಯಾದೆ ಎಂದು ತಿಳಿದಿರಬೇಕು, ಅವನು ತಗ್ಗಿಗೆ ಇಳಿದು ಕಲ್ಲು ಸರಿಸಿ ಮೊಗೆಮೊಗೆದು ದೋಣಿಗೆ ಸುರಿಯುತ್ತಿದ್ದ. ಆಯಿ ಪಕ್ಕದಲ್ಲಿ ನಿಂತು ಏನೋ ಹೇಳುತ್ತಿದ್ದರು. ಎಮ್ಮೆಗಳು ಕುಡಿದವು, ಕಡೆಗೆ ಅವನು ಬೊಗಸೆಯಲ್ಲಿ ಕುಡಿದ. ಅವನು ಕಲ್ಲು ಮುಚ್ಚುವುದನ್ನು ನೋಡುತ್ತ ನಿಲ್ಲುವುದು ಸರಿಯಲ್ಲ ಅನಿಸಿತು. ಮುಚ್ಚದೆ ಹೋಗುವವನಲ್ಲ ಅವನು.